ಹಾರ ಬೀಳದ ಫೋಟೋ

ಅದಕ್ಕೇ ಕಣ್ರೀ ಹೇಳಿದ್ದು, ನಟರಾಜಣ್ಣ ಯಾರಿಗೂ "ಸ್ವಲ್ಪ ನಗಿ" ಅಂತ ಅನ್ನಲ್ಲ ಅಂದ್ರೆ ಅದು ಗತ್ತಲ್ಲ, ಸುಸ್ತು. ಗತ್ತು ಅನ್ಕೊಂಡೋರೇ ಜಾಸ್ತಿ. ಅರಸೀಕೆರೆ ಬಸ್‌ಸ್ಟ್ಯಾಂಡಿಂದ ಈಚೆಗೆ ಬಂದು ಎಲೆಕ್ಟ್ರಿಕಲ್ ಅಂಗಡಿ ಪಕ್ಕದ ಮೆಟ್ಲು ಹತ್ತಿದ್ರೆ ಚಿತ್ರಾ ಸ್ಟುಡಿಯೋ ಅಂತ ಬೋರ್ಡು. ಚಿತ್ರಾ ಅಂದ್ರೆ ಅವರ ಮಗಳು. ಒಳಗಡೆ ಒಂದು ಬೆಂಚು, ಎದುರು ಗೋಡೇಲಿ ಬುದ್ಧನ ಫೋಟೋ, ಆಮೇಲೆ ಒಂದು ಕರೇ ಪರದೆ. ಪರದೆ ಆಚೆ ಲೈಟು, ಬಿಳೀ ಛತ್ರಿ, ಕೂರಕ್ಕೊಂದು ಉದ್ದದ ಪೀಠ, ಸ್ಟ್ಯಾಂಡ್ ಮೇಲೆ ಕ್ಯಾಮ್ರ. ಅಷ್ಟರೊಳಗೇ ಅವರ ಜೀವನ ಎಲ್ಲಾ ಕಳ್ದೋಗಿದೆ.

ಮುಖಗಳನ್ನ ನೋಡಿ ನೋಡಿ ಅವರಿಗೆ ಮುಖ ಅಂದ್ರೇ ಬೇಜಾರು. ಮನೇಲಿ ಗೋಡೆ ಕಡೆ ತಿರುಗಿ ಕೂತು ಊಟ ಮಾಡ್ತಾರೆ ಅಂತ ಹೆಂಡ್ತಿ ಮಂಜುಳಕ್ಕ ಆಡ್ಕೋತಾರೆ. ಬರೋರೆಲ್ಲಾ ಕೇಳೋದು ಒಂದೇ. ಹೆಣ್ಣಿನ ಕಡೆಯೋರಿಗೆ ಕೊಡಕ್ಕೆ ಫೋಟೋ ತೆಗೆಸೋ ಹುಡುಗ ಮೂಗು ಸಣ್ಣ ಮಾಡಿ ಅಂತಾನೆ. ಗಂಡಿನ ಕಡೆಯೋರಿಗೆ ಕೊಡಕ್ಕೆ ಬಂದ ಹುಡುಗಿಯ ಅಮ್ಮ ಬೆಳ್ಳಗೆ ಮಾಡಿ ಅಂತಾಳೆ. ರಿಟೈರ್ ಆಗೋ ಮೇಷ್ಟ್ರು ಶಾಲು ಹೊದ್ಕೊಂಡು ಬಂದು, ತಲೇಲಿ ಇನ್ನೊಂಚೂರು ಕೂದ್ಲು ಬರೋಹಂಗೆ ನೋಡಪ್ಪ ಅಂತ ಮೆಲ್ಲಗೆ ಕಿವೀಲಿ ಹೇಳ್ತಾರೆ. ಒಂದ್ಸಲ ಆಸೆ ಪಟ್ಟು ಹಳೇಬೀಡಿನ ಕಂಬಗಳ ಥರಾನೇ ಒಂದು ಬಣ್ಣದ ಪರದೆ ಬರೆಸಿದ್ರು. ಹಳೇಬೀಡಿಂದ ಬಂದ ಗಂಡ ಹೆಂಡ್ತಿ ಅದನ್ನ ನೋಡಿ, ಆ ಕಲ್ಲು ನಮ್ಮನೆ ಹಿಂದೇನೇ ಐತೆ, ದುಡ್ಡು ಕೊಟ್ಟು ಇಲ್ಲೂ ಅದ್ನೇ ನೋಡ್ಬೇಕಾ, ಊಟಿ ಹಾಕಿ ಅಂದ್ರಂತೆ. ಅವತ್ತಿಂದ ಊಟಿನೇ.

ಮತ್ತೆ ಜನ ನಗ್ತಾರೆ ಹೆಂಗೆ, ಫೋಟೋಗಳೆಲ್ಲಾ ಅಷ್ಟು ಜೀವಕಳೆ ಇರೋದು ಹೆಂಗೆ ಅಂತೀರಾ? ಅದು ಹನುಮಮ್ಮಜ್ಜಿ ಕೆಲ್ಸ. ನಟರಾಜಣ್ಣನ ತಾಯಿ. ದಿನಾ ಮಧ್ಯಾಹ್ನ ಮಗನಿಗೆ ಊಟದ ಕ್ಯಾರಿಯರ್ ತಗೊಂಡು ಬಂದು ಬೆಂಚ್ ಮೇಲೆ ಕೂತ್ರೆ ಸಂಜೆ ತಂಕ ಏಳಲ್ಲ. ಒಳಗೆ ಯಾರೋ ಕಲ್ಲಿನಂಗೆ ಕೂತವ್ರೆ ಅಂತ ಮಗ ಸುಮ್ಮನಾಗಿದ್ರಲ್ಲೇ ಗೊತ್ತಾಗ್ಬಿಡುತ್ತೆ. ಪರದೆ ಈಚೆಯಿಂದಾನೇ ಶುರು ಮಾಡ್ತಾರೆ.

"ಏನ್ಲಾ, ಹೆಣ್ಣು ಕೇಳಕ್ಕೋಗ್ತಿದ್ದೀಯೋ, ಹಲ್ಲು ಕೀಳುಸ್ಕಳಕ್ಕೋ?"

ಒಳಗಿದ್ದೋನು ಪಕ್ಕಂತ ನಗ್ತಾನೆ, ನಟರಾಜಣ್ಣ ಕ್ಲಿಕ್ ಅನ್ನಿಸ್ತಾರೆ. ಇಷ್ಟೇ ಗುಟ್ಟು.

ಆದ್ರೆ ಆ ಪರದೆ ದಾಟಿ ಅಜ್ಜಿ ಯಾವತ್ತೂ ಒಳಗೆ ಕಾಲಿಟ್ಟಿರ್ಲಿಲ್ಲ. ಊರೋರಿಗೆಲ್ಲಾ ಫೋಟೋ ತೆಗ್ದುಕೊಟ್ಟ ನಟರಾಜಣ್ಣನ ಹತ್ರ ಹೆತ್ತ ತಾಯೀದು ಒಂದು ಫೋಟೋ ಇರ್ಲಿಲ್ಲ. ಅಪ್ಪಂದೂ ಇಲ್ಲ. ಅಪ್ಪಂದು ಇಲ್ಲ ಅನ್ನೋದೇ ಇದ್ರ ಮೂಲ.

ಅವ್ರ ಊರು ಹಗರೆ. ಅಪ್ಪ ಗಿಡ್ಡಪ್ಪ. ನಟರಾಜಣ್ಣ ಹುಡುಗ್ರಾಗಿದ್ದಾಗ ಬೇಲೂರು ದೇವಸ್ಥಾನದ ಮುಂದೆ ಟೂರಿಸ್ಟುಗಳ ಫೋಟೋ ತೆಗೆಯೋದು, ಅಡ್ರೆಸ್ ಈಸ್ಕೊಂಡು ಪೋಸ್ಟಲ್ಲಿ ಕಳ್ಸೋದು, ಹಿಂಗೇ ಕೆಲ್ಸ ಕಲ್ತಿದ್ದು. ಎಲ್ಲೆಲ್ಲಿಂದಲೋ ಬಂದೋರ ಫೋಟೋ ತೆಗೆದ್ರು, ಅಪ್ಪಂದು ತೆಗೀಲಿಲ್ಲ. ಅಪ್ಪ ಎಲ್ಲಿ ಹೋಯ್ತಾರೆ, ತೆಗೆದ್ರಾಯ್ತು ಅಂತ. ತೊಂಬತ್ತರಲ್ಲಿ ಅರಸೀಕೆರೇಲಿ ಸ್ಟುಡಿಯೋ ಇಟ್ರು. ಅದೇ ವರ್ಷ ಗಿಡ್ಡಪ್ಪ ಹೊಲದಿಂದ ಬಂದು ಜಗಲಿ ಮೇಲೆ ಮಲಗಿದೋರು ಏಳ್ಲೇ ಇಲ್ಲ.

ತಿಥಿಗೆ ಫೋಟೋ ಬೇಕಲ್ಲ. ಬಂದೋರು ಕೈ ಮುಗಿಯೋದು ಯಾವುದಕ್ಕೆ? ಮಗ ಫೋಟೋ ಸ್ಟುಡಿಯೋ ಇಟ್ಟವ್ನೆ, ಅಪ್ಪನ ಫೋಟೋ ಇಲ್ಲ ಅಂದ್ರೆ ಊರೋರು ಏನಂತಾರೆ. ನಟರಾಜಣ್ಣ ಅಪ್ಪನ ರುಮಾಲು ಸುತ್ಕೊಂಡ್ರು, ಅಪ್ಪನ ಹಳೇ ಕೋಟು ಹಾಕ್ಕೊಂಡ್ರು, ತಾವೇ ಲೈಟ್ ಕೆಳಗೆ ಕೂತು ಸ್ನೇಹಿತನ ಕೈಲಿ ಬಟನ್ ಒತ್ಸಿದ್ರು. ಆಮೇಲೆ ನೆಗೆಟಿವ್ ಮೇಲೆ ಸೀಸದ ಕಡ್ಡೀಲಿ ತಿದ್ದಿ ಮೀಸೆ ಬೆಳ್ಳಗೆ ಮಾಡಿದ್ರು, ಪ್ರಿಂಟ್ ಮೇಲೆ ಬ್ರಷ್ಷಲ್ಲಿ ಕೆನ್ನೆ ಸುಕ್ಕು, ಹಣೆ ಗೆರೆ ಎಲ್ಲಾ ಎಳೆದ್ರು. ಇದಕ್ಕೆ ಟಚಿಂಗ್ ಅಂತಾರೆ. ಕಟ್ಟು ಹಾಕ್ಸಿ ಹಗರೆಗೆ ತಗೊಂಡು ಹೋದ್ರೆ ನೋಡ್ದೋರೆಲ್ಲಾ, ಅಚ್ಚು ಗಿಡ್ಡಪ್ಪನೇ ಕಣ್ಲಾ, ಈಗ ಎದ್ದು ಬೀಡಿ ಕೇಳ್ತಾನೆ ಅಂತಿದ್ರಂತೆ.

ಕುಂಕುಮ ಇಟ್ಟು ಹಾರ ಹಾಕಿದ್ರು. ಅಷ್ಟೊತ್ತಿಗೆ ಅಡಿಗೆಮನೆಯಿಂದ ಹನುಮಮ್ಮಜ್ಜಿ ಈಚೆಗೆ ಬಂದ್ರು. ನಿಂತ್ಕೊಂಡು ನೋಡಿದ್ರು. ರುಮಾಲು ನೋಡ್ಲಿಲ್ಲ, ಮೀಸೆ ನೋಡ್ಲಿಲ್ಲ, ಹೆತ್ತೋರಿಗೆ ಕಣ್ಣು ಸಾಕಲ್ಲ. ಸೀದಾ ಹೋಗಿ ಹಾರ ಕಿತ್ತಾಕಿದ್ರು.

"ಸತ್ತಿರೋದು ನನ್ ಗಂಡ. ನನ್ ಮಗ ಅಲ್ಲ," ಅಂದ್ರು.

ಆ ಫೋಟೋ ಒಲೆಗೆ ಹೋಯ್ತು. ಬರೀ ದೀಪ ಇಟ್ಕೊಂಡು ತಿಥಿ ಮುಗ್ಸಿದ್ರು. ಅವತ್ತಿಂದ ಅಜ್ಜಿಗೆ ಒಬ್ರೇ ಇರೋ ಫೋಟೋ ಅಂದ್ರೆ ಆಗಲ್ಲ. ಒಬ್ರೇ ಕೂತ್ರೆ ಹಾರ ಬಂದಂಗೇ ಅಂತ ಒಂದು ಭಯ.

ಆಮೇಲೆ ಅಜ್ಜಿ ಮಗನ ಜೊತೇಲೇ ಅರಸೀಕೆರೆಗೆ ಬಂದ್ರು. ಸುಮ್ಮನೆ ಕೂರೋ ಜೀವ ಅಲ್ಲ, ಹೊನ್ನಯ್ಯ ಅನ್ನೋರ ಕೊಬ್ಬರಿ ಮಂಡೀಲಿ ಕೊಬ್ಬರಿ ಆರ್ಸೋ ಕೆಲ್ಸಕ್ಕೆ ಸೇರ್ಕೊಂಡ್ರು. ಹೊನ್ನಯ್ಯ ದೊಡ್ಡ ಸಾವ್ಕಾರ್ರು. ಅವ್ರು ಮಂಡಿಗೆ ಹೊಸ ಕಟ್ಟಡ ಕಟ್ಟಿಸ್ದಾಗ, ಗಲ್ಲಾಪೆಟ್ಟಿಗೆ ಮೇಲೆ ಹಾಕಕ್ಕೆ ತಮ್ಮದೊಂದು ದೊಡ್ಡ ಫೋಟೋ ಬೇಕು ಅಂದ್ರು. ನನ್ ಮಗ ತೆಗೀತಾನೆ ಬುದ್ಧಿ ಅಂತ ಅಜ್ಜೀನೇ ಹೇಳಿದ್ದು. ಅಜ್ಜಿಗೇನೋ ಭಯ, ಸಾವ್ಕಾರ್ರಿಗೇನು ಭಯ? ನಟರಾಜಣ್ಣ ಕುರ್ಚಿ ಮೇಲೆ ಕೂರ್ಸಿ, ಪಕ್ಕದಲ್ಲಿ ಟೆಲಿಫೋನ್ ಇಟ್ಟು ತೆಗೆದ್ರು. ಭಾರೀ ಚೆನ್ನಾಗಿ ಬಂದಿತ್ತು. ಅದನ್ನ ನೋಡಿ ಬಜಾರಿನ ಇನ್ನೂ ಸುಮಾರು ಜನ ಮಂಡಿಯೋರು ನಮ್ದೂ ತೆಗಿಯಪ್ಪ ಅಂತ ಹೇಳಿಟ್ಟಿದ್ರು. ಅಲ್ಲಿಗೆ ನಟರಾಜಣ್ಣನ ದಿನ ತಿರುಗ್ತು ಅಂತ ಎಲ್ಲಾ ಅನ್ಕೊಂಡ್ರು.

ಆಯುಧಪೂಜೆ ಬಂತು. ಮಂಡಿ ಹಮಾಲಿ ಕರಿಯಯ್ಯ ಪಾಪ ಒಳ್ಳೇ ಮನುಷ್ಯ. ತಕ್ಕಡಿಗೆ ಹಾರ ಹಾಕ್ದ, ತೂಕದ ಬಟ್ಟಿಗೆ ಹಾಕ್ದ, ಲಾರಿಗೆ ಹಾಕ್ದ, ದೇವ್ರ ಫೋಟೋಗಳಿಗೆಲ್ಲಾ ಹಾಕ್ದ. ಕೊನೇಗೆ ಒಂದು ಒಳ್ಳೇ ಸೇವಂತಿಗೆ ಹಾರ ಉಳೀತು. ಅನ್ನ ಕೊಡೋ ಧಣಿಗೆ ಬ್ಯಾಡ್ವಾ ಅಂತ ಸಾವ್ಕಾರ್ರ ಫೋಟೋಗೂ ಹಾಕಿ, ಹಣೆಗೆ ಕುಂಕುಮ ಇಟ್ಟು, ಎರಡು ಊದುಗಡ್ಡಿ ಹಚ್ಚಿ ಸಿಗಿಸಿಬಿಟ್ಟ. ಹೊಸ ಪಂಚೆ ಉಟ್ಕೊಂಡು ಪೂಜೆಗೆ ಒಳಗೆ ಬಂದ ಹೊನ್ನಯ್ಯ ತಲೆ ಎತ್ತಿ ನೋಡ್ತಾರೆ, ತಾವೇ ಹೊಗೆ ಮಧ್ಯದಿಂದ ನೋಡ್ತಾ ಇದ್ದಾರೆ.

ಮುಖದಲ್ಲಿ ರಕ್ತ ಇರ್ಲಿಲ್ವಂತೆ. ಅದೇ ವಾರ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರ್ಕೊಂಡ್ರು. ಎದುರು ಸಿಕ್ಕೋರಿಗೆಲ್ಲಾ, ಕರಿಯಯ್ಯಂದು ತಪ್ಪಿಲ್ಲ, ಆ ಫೋಟೋನೇ ಹಾರ ಕೇಳೋ ಥರ ಐತೆ ಅಂದ್ರು. ಹೇಳಿಟ್ಟಿದ್ದ ಮಂಡಿಯೋರು ಒಬ್ರೂ ಸ್ಟುಡಿಯೋ ಮೆಟ್ಲು ಹತ್ಲಿಲ್ಲ. ಹನುಮಮ್ಮಜ್ಜೀನ ಯಾರೂ ಬಿಡು ಅನ್ಲಿಲ್ಲ, ಅವ್ರೇ ಮಂಡಿ ಕೆಲ್ಸ ಬಿಟ್ರು. ಬೆಂಚ್ ಹಿಡ್ಕೊಂಡು ಕೂತಿದ್ದು ಆವಾಗಿಂದ.

ನಟರಾಜಣ್ಣನ ಕೈಗೆ ಉಳ್ಕೊಂಡಿದ್ದು ಜಾಸ್ತಿ ಪಾಸ್‌ಪೋರ್ಟ್ ಫೋಟೋ, ಮತ್ತೆ ಸತ್ತೋರ ಫೋಟೋ. ಅದ್ರ ನಡುವೆ ಓಟಿನ ಕಾರ್ಡ್ ಬಂತು ನೋಡಿ, ತೊಂಬತ್ತೈದರ ಹೊತ್ತಿಗೆ, ಆಗ ಕಂಟ್ರಾಕ್ಟ್ ಹಿಡ್ದೋರ ಕೈಕೆಳಗೆ ಹಳ್ಳಿ ಹಳ್ಳಿ ಸುತ್ತಿದ್ರು. ಹಳೇಬೀಡು ಕಡೆ, ಹಗರೆ, ಆ ಕಡೆ ಅರೇಹಳ್ಳಿ ತಂಕ. ಸ್ಕೂಲ್ ಜಗಲೀಲಿ ಬಿಳೀ ಬಟ್ಟೆ ಕಟ್ಟಿ, ಎದೆ ಮೇಲೆ ಸ್ಲೇಟ್ ಹಿಡಿಸಿ ತೆಗೆಯೋದು. ಎಷ್ಟೋ ಮುದುಕರಿಗೆ ಹುಟ್ಟಿದಾಗಿಂದ ಅದೇ ಮೊದಲ್ನೇ ಫೋಟೋ. ಕೆಲವ್ರು ಕಣ್ಣು ಮುಚ್ಚೋರು, ಕೆಲವ್ರು ಪೊಲೀಸ್ನೋರು ಹಿಡ್ದಂಗೆ ನೋಡೋರು. ಅರಸೀಕೆರೇಲಿ ತಮ್ಮ ಬೀದಿಯ ಸರದಿ ಬಂದ ದಿನ ಹನುಮಮ್ಮಜ್ಜಿ ಬೆಳಗ್ಗೇನೇ ಮಾಲೇಕಲ್ಲು ತಿಮ್ಮಪ್ಪನ ಬೆಟ್ಟಕ್ಕೆ ಹೊರಟೋದ್ರು. ಮತ್ತೊಂದ್ಸಲ ಬಂದಾಗ್ಲೂ ಬೆಟ್ಟಕ್ಕೇ. ಆ ತಿಮ್ಮಪ್ಪಂಗೆ ನಿಮ್ಮತ್ತೇನ ಕಂಡ್ರೆ ಅಷ್ಟು ಪ್ರೀತಿನಾ ಅಂತ ಆಫೀಸಿನೋರು ಮಂಜುಳಕ್ಕನ್ನ ಕೇಳಿದ್ರಂತೆ.

ಆ ಮುದುಕ್ರೆಲ್ಲಾ ಒಬ್ಬೊಬ್ರೇ ಹೋಗ್ತಾ ಬಂದ್ರು. ಮಕ್ಕಳು ಅದೇ ಕಾರ್ಡ್ ಹಿಡ್ಕೊಂಡು ಸ್ಟುಡಿಯೋಗೆ ಬರೋರು. ನಮ್ಮಪ್ಪಂದು ಇದೊಂದೇ ಇರೋದು, ದೊಡ್ಡದು ಮಾಡ್ಕೊಡಿ, ತಿಥಿ ಇನ್ನೇನು ಬಂತು. ಹೆಬ್ಬೆಟ್ಟಿನಷ್ಟು ಮುಖ. ಅದನ್ನ ಇನ್ನೊಂದ್ಸಲ ಫೋಟೋ ತೆಗ್ದು, ದೊಡ್ಡದು ಮಾಡಿ, ಮುಚ್ಚಿದ ಕಣ್ಣನ್ನ ಬ್ರಷ್ಷಲ್ಲಿ ತೆಗೀಬೇಕು. ಹೆದ್ರಿರೋ ಮುಖದಲ್ಲಿ ಹೆದ್ರಿಕೆ ಅಳಿಸ್ಬೇಕು. ಗಂಡ ಸತ್ತ ಮೇಲೆ ತೆಗ್ಸಿದ ತಾಯಿ ಫೋಟೋಗೆ, ಕುಂಕುಮ ಬರೀರಿ ಅಣ್ಣಾ, ನಮ್ಮಮ್ಮಂಗೆ ಕುಂಕುಮ ಚೆನ್ನಾಗಿ ಒಪ್ತಿತ್ತು ಅಂತ ಕೇಳ್ತಾರೆ, ಬರೀಬೇಕು. ದಿನಾ ಯಾರ್ದೋ ತಾಯಿ, ಯಾರ್ದೋ ತಂದೆ. ಭೂತಗನ್ನಡಿ ಹಿಡಿದು ಹಿಡಿದು ಕಣ್ಣು ಉರಿ, ಬಗ್ಗಿ ಬಗ್ಗಿ ಕತ್ತು ಹಿಡ್ಕೊಂಡಿರೋದು. ಅದ್ರ ಮೇಲೆ ಬೀದೀಲಿ ಹಾರದ ನಟರಾಜ ಅಂತ ಹೆಸ್ರು ಬೇರೆ. ಮದ್ವೆ ಮನೆಯೋರು ಅವರನ್ನ ಕರೆಯಲ್ಲ. ಎದುರು ಬಂದ್ರೆ ಕೆಲವ್ರು ರಸ್ತೆ ಆ ಬದಿಗೆ ದಾಟ್ತಾರೆ.

ಎಷ್ಟೋ ಸಲ ತಾಯೀನ ಕೇಳಿದ್ರು. ಒಂದೇ ಒಂದು ತೆಗೀತೀನಿ ಅವ್ವಾ, ಕಟ್ಟು ಹಾಕ್ಸಲ್ಲ, ಟ್ರಂಕಲ್ಲಿ ಇಟ್ಟಿರ್ತೀನಿ. ಅಜ್ಜಿ ಮಾತು ತಿರುಗಿಸೋರು, ಸಾರು ತಣ್ಣಗಾಯ್ತದೆ ಉಣ್ಣು ಅನ್ನೋರು. ವರ್ಷ ವರ್ಷಕ್ಕೂ ಅಜ್ಜಿ ಮೆಟ್ಲು ಹತ್ತೋದು ನಿಧಾನ ಆಗ್ತಾ ಬಂತು. ಒಳಗೆ ಕೂತ ನಟರಾಜಣ್ಣ ಆ ಹೆಜ್ಜೇನ ಒಂದೊಂದೇ ಎಣಿಸೋರು. ಕೆಲ್ಸ ಮಾತ್ರ ನಿಲ್ಲಿಸ್ತಿರ್ಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಇರ್ಬೇಕು, ಹೊನ್ನಯ್ಯ ವರ್ತಕರ ಸಂಘಕ್ಕೆ ಅಧ್ಯಕ್ಷರಾದ್ರು. ಸಂಘದ ಹಾಲಲ್ಲಿ ಅಧ್ಯಕ್ಷರಾದೋರ ಫೋಟೋ ಸಾಲಾಗಿ ಹಾಕೋದು ಪದ್ಧತಿ. ತೊಂದ್ರೆ ಏನಪ್ಪಾ ಅಂದ್ರೆ, ಆ ಸಾಲಲ್ಲಿ ಇರೋರೆಲ್ಲಾ ಹೋಗ್ಬಿಟ್ಟಿದ್ರು, ಎಲ್ಲಾದಕ್ಕೂ ಹಾರ. ಹೊನ್ನಯ್ಯ ತಿಂಗಳುಗಟ್ಲೆ ಏನೇನೋ ನೆಪ ಹೇಳಿ, ಕೊನೇಗೆ ಸ್ಟೇಷನ್ ಹತ್ರ ಬಂದಿದ್ದ ಹೊಸ ಕಂಪ್ಯೂಟರ್ ಸ್ಟುಡಿಯೋಗೆ ಹೋದ್ರು. ಅಲ್ಲಿ ಅವರ ಕರೇ ಮುಖಾನ ಸುಲಿದ ಆಲೂಗಡ್ಡೆ ಥರ ಮಾಡಿ ಕೊಟ್ರು. ಸಂಘದೋರು ನೋಡಿ, ಇವ್ರು ಯಾವ ಊರ ಅಧ್ಯಕ್ಷರು ಅಂದ್ರು.

ಹಂಗಾಗಿ ಒಂದು ಮಧ್ಯಾಹ್ನ, ಕೋಲು ಊರ್ಕೊಂಡು, ಕುಂಟ್ಕೊಂಡು, ಚಿತ್ರಾ ಸ್ಟುಡಿಯೋ ಮೆಟ್ಲು ಹತ್ತಿ ಬಂದ್ರು ಹೊನ್ನಯ್ಯ. ಬೆಂಚ್ ಮೇಲೆ ಹನುಮಮ್ಮಜ್ಜಿ. ಇಬ್ರೂ ಎಷ್ಟೋ ವರ್ಷ ಆದ್ಮೇಲೆ ಮುಖಾಮುಖಿ. ಅಜ್ಜಿ ಎದ್ದು ನಿಂತ್ರು, ಅಭ್ಯಾಸ ಬಲ. ಸಾವ್ಕಾರ್ರು ಉಸ್ರು ಬಿಡ್ತಾ ನಿಂತು, ನಟರಾಜಣ್ಣಂಗೆ ವಿಷ್ಯ ಹೇಳಿದ್ರು. ತೆಗಿ, ಆದ್ರೆ ಒಬ್ನೇ ಕೂರಕಿಲ್ಲ.

"ಜೋಡಿ ಫೋಟೋಗೆ ಯಾರೂ ಹಾರ ಹಾಕಕಿಲ್ಲ ಕಣಪ್ಪ. ಪಕ್ಕದಲ್ಲಿ ಯಾರಾನ ಕೂತ್ಕಳ್ಲಿ. ಆಮ್ಯಾಕೆ ನನ್ನೊಬ್ಬುನ್ನೇ ಕತ್ತರಿಸ್ಕೊಡು."

ಯಜಮಾನ್ತೀನ ಕರ್ಕೊಂಡು ಬರ್ಬೇಕಿತ್ತು ಅಂದ್ರು ನಟರಾಜಣ್ಣ. ಅವ್ಳು ಕೆಳಗೆ ಕಾರಲ್ಲೇ ಕೂತವ್ಳೆ, ಮೊದ್ಲು ನೀವು ಕೂತು ಉಳ್ಕಳಿ, ಆಮೇಲೆ ನೋಡನ ಅಂತವ್ಳೆ ಅಂದ್ರು ಹೊನ್ನಯ್ಯ. ಆಮೇಲೆ ಬೆಂಚ್ ಕಡೆ ತಿರುಗಿ, ಹನುಮಮ್ಮ ನೀನೇ ಬಾ, ಒಂದು ಗಳಿಗೆ ಅಂದ್ರು.

ಅಜ್ಜಿ ಕ್ಯಾರಿಯರ್ ಡಬ್ಬಿ ಜೋಡಿಸ್ತಾ ಇದ್ರು. "ನಾನು ನಿಮ್ ಪಕ್ಕ ಕೂತ್ರೆ ನಿಮ್ ಸಂಘದೋರು ಗೋಡೆ ತೊಳೀಬೇಕಾಯ್ತದೆ ಸಾವ್ಕಾರ್ರೆ."

"ಕತ್ತರಿಸಾಕ್ತಾನಲ್ಲ ಅದುನ್ನ."

"ಅದ್ನೇ ನಾನೂ ಅಂದಿದ್ದು," ಅಂತ ಅಜ್ಜಿ ಕ್ಯಾರಿಯರ್ ಎತ್ಕೊಂಡು ಮೆಟ್ಲು ಕಡೆ ಹೊರಟ್ರು.

ನಟರಾಜಣ್ಣ ಕ್ಯಾಮ್ರಕ್ಕೆ ರೋಲ್ ಹಾಕ್ತಾ ಇದ್ರು. ತಲೆ ಎತ್ಲಿಲ್ಲ, ದನಿ ಏರಿಸ್ಲಿಲ್ಲ. ಸಾಕಾದೋರು ಮಾತಾಡೋ ಥರ ಮಾತಾಡಿದ್ರು.

"ಅವ್ವ, ಇನ್ನು ನಾನು ಕೇಳಕಿಲ್ಲ. ಆದ್ರೆ ಚಿತ್ರಾ ಅಚ್ಚು ನಿನ್ನಂಗೇ ಅವ್ಳೆ. ನಾಳೆ ಮನೆಗೆ ಬಂದೋರು, ಫೋಟೋ ಇಲ್ವಾ, ಹಂಗಾರೆ ಅವ್ಳುನ್ನ ಸೀರೆ ಉಡ್ಸಿ ಕೂರ್ಸು ಅಂತಾರೆ. ಆವಾಗ ಹಾರ ಕಿತ್ತಾಕಕ್ಕೆ ನೀನಿರಕಿಲ್ಲ."

ಅಜ್ಜಿ ಮೊದಲ್ನೇ ಮೆಟ್ಲು ಹತ್ರ ನಿಂತ್ರು. ಕೆಳಗೆ ಬಸ್ಸಿನ ಹಾರನ್ನು, ಕಂಡಕ್ಟರ್ ಜಾವಗಲ್ ಹಳೇಬೀಡು ಅಂತ ಕೂಗೋದು ಕೇಳ್ತಿತ್ತು. ಆಮೇಲೆ ತಿರುಗಿ ಬಂದು, ಕ್ಯಾರಿಯರ್ನ ಬೆಂಚ್ ಮೇಲಿಟ್ಟು, ಸೆರಗು ಸರಿ ಮಾಡ್ಕೊಂಡು, ಪರದೆ ಸರ್ಸಿ ಒಳಗೆ ಹೋದ್ರು. ಪೀಠದ ಮೇಲೆ ಸಾವ್ಕಾರ್ರ ಪಕ್ಕ, ಒಂಚೂರು ಜಾಗ ಬಿಟ್ಟು, ಆದ್ರೆ ಸಮ ಸಮಕ್ಕೆ ಕೂತ್ರು. ಮಂಡೀಲಿ ಅವ್ರು ಕುರ್ಚೀಲಿ, ಇವ್ರು ನೆಲದಲ್ಲಿ ಕೂತು ಕಳ್ದ ವರ್ಷಗಳೆಲ್ಲಾ ಇಬ್ರಿಗೂ ನೆನಪಾಗಿರ್ಬೇಕು.

ನಟರಾಜಣ್ಣ ಲೈಟ್ ಹಾಕಿದ್ರು. ಅಜ್ಜಿ ಕಣ್ಣು ಕಿರಿದು ಮಾಡಿ ಸುತ್ತಾ ನೋಡಿದ್ರು. ಇಷ್ಟು ವರ್ಷ ಈಚೆ ಕೂತೋರಿಗೆ ಒಳಗಡೆ ಹೆಂಗಿರುತ್ತೆ ಅಂತ ಗೊತ್ತೇ ಇರ್ಲಿಲ್ಲ.

"ಇಷ್ಟು ಸೆಕೆ ಐತಾ ಇಲ್ಲಿ?" ಅಂದ್ರು. "ದಿನಾ ಇದ್ರಲ್ಲೇ ನಿಂತಿರ್ತೀಯೇನ್ಲಾ?"

ನಟರಾಜಣ್ಣ ಕ್ಯಾಮ್ರಾಗೆ ಕಣ್ಣಿಟ್ರು. ಹೊನ್ನಯ್ಯ ಬಲಿಗೆ ತಂದ ಕುರಿ ಥರ ಬಿಗಿದ್ಕೊಂಡು ಕೂತಿದ್ದಾರೆ. ಪರದೆ ಈಚೆಯಿಂದ ನಗ್ಸೋರು ಇವತ್ತು ಒಳಗೇ ಕೂತಿದ್ದಾರೆ, ಬೆಂಚ್ ಖಾಲಿ. ಏನು ಮಾಡೋದು ಅಂತ ನಟರಾಜಣ್ಣ ಸುಮ್ಮನೆ ಕಾಯ್ತಾ ನಿಂತ್ರು. ಸುಮ್ಮನಾದ್ರಲ್ಲ, ಅಷ್ಟರಲ್ಲೇ ಅಜ್ಜಿಗೆ ಗೊತ್ತಾಯ್ತು.

"ಉಸ್ರು ಬಿಡಿ ಸಾವ್ಕಾರ್ರೆ. ಇಲ್ಲೇ ಹೋಗ್ಬುಟ್ಟೀರಿ, ನನ್ ಮಗನ್ಗೆ ಇರೋ ಹೆಸ್ರೇ ಸಾಕು."

ಹೊನ್ನಯ್ಯ ಕಣ್ಣು ಮುಚ್ಕೊಂಡು ಹೊಟ್ಟೆ ಕುಲುಕ್ಸಿ ನಕ್ಬಿಟ್ರು. ತಾವೇ ಹೇಳಿದ ಮಾತಿಗೆ ಅಜ್ಜಿಗೂ ನಗು ಬಂತು, ಮುಂದಿನ ಹಲ್ಲಿಲ್ಲದ ಬಾಯಿ ತುಂಬಾ ನಗು, ಸೀದಾ ಮಗನ ಕಡೆ ನೋಡ್ಕೊಂಡು. ನಟರಾಜಣ್ಣ ಕ್ಲಿಕ್ ಮಾಡಿದ್ರು. ಸಾವ್ಕಾರ್ರ ಕಣ್ಣು ಮುಚ್ಚಿತ್ತಲ್ಲ, ಇನ್ನೊಂದು ತೆಗೆದ್ರು. ಅದ್ರಲ್ಲಿ ಸಾವ್ಕಾರ್ರು ಚೆನ್ನಾಗಿ ಬಂದ್ರು. ಅಜ್ಜಿ ಮಾತ್ರ ಆ ಕಡೆ ತಿರುಗಿ ಅವರ ಶಾಲು ಸರಿ ಮಾಡ್ತಿದ್ರು.

ಎರಡನೇದನ್ನ ಕತ್ತರಿಸಿ ಸಂಘಕ್ಕೆ ಕೊಟ್ರು. ನೀವು ಆ ಹಾಲಿಗೆ ಹೋಗಿ ನೋಡಿದ್ರೆ ಹೊನ್ನಯ್ಯನ ಭುಜದ ಮೇಲೆ ಶಾಲಿನ ಅಂಚಲ್ಲಿ ಎರಡು ಬೆರಳು ಕಾಣ್ತವೆ. ಟಚಿಂಗ್‌ನಲ್ಲಿ ಅಳಿಸ್ಬೋದಿತ್ತು. ಯಾಕೆ ಬಿಟ್ರಿ ಅಂದ್ರೆ ನಟರಾಜಣ್ಣ, ಅವತ್ತು ಕಣ್ಣು ನೋಯ್ತಿತ್ತು ಅಂತಾರೆ.

ಮೊದಲ್ನೇದು ಸ್ಟುಡಿಯೋದಲ್ಲೇ ಇದೆ, ಬುದ್ಧನ ಫೋಟೋ ಪಕ್ಕ. ನನ್ನ ಅದ್ರಿಂದ ತೆಗ್ದಾಕು, ಹೆಣ ಕೂತಂಗೆ ಕಣ್ಣು ಮುಚ್ಚೀನಿ ಅಂತ ಹೊನ್ನಯ್ಯ ಹೇಳಿ ಕಳ್ಸಿದ್ರು. ತೆಗೆದ್ರೆ ಅವ್ವ ಒಬ್ರೇ ಆಗ್ತಾರಲ್ಲ, ನಟರಾಜಣ್ಣ ತೆಗೀಲಿಲ್ಲ. ಅದ್ರ ಬದ್ಲು ಬ್ರಷ್ ತಗೊಂಡು ಸಾವ್ಕಾರ್ರ ಕಣ್ಣು ತೆಗೆದ್ರು. ಅಷ್ಟು ವರ್ಷದಲ್ಲಿ ಬದುಕಿರೋರ ಕಣ್ಣು ತೆಗೆದಿದ್ದು ಅದೇ ಮೊದ್ಲು.

ಆ ವರ್ಷದ ಆಯುಧಪೂಜೆ ದಿನ ಮಂಜುಳಕ್ಕ ಕ್ಯಾಮ್ರಕ್ಕೆ ಹಾರ ಹಾಕಿದ್ರು, ಸ್ಟ್ಯಾಂಡಿಗೆ, ಛತ್ರಿಗೆ, ಬುದ್ಧನಿಗೂ ಹಾಕಿದ್ರು. ಕೈಯಲ್ಲಿ ಇನ್ನೊಂದು ಹಾರ ಉಳೀತು. ಪಕ್ಕದಲ್ಲೇ ಆ ಫೋಟೋ. ಮಂಜುಳಕ್ಕ ಅಲ್ಲೇ ನಿಂತ್ಬಿಟ್ರು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ನಟರಾಜಣ್ಣನೂ ನೋಡ್ತಾ ನಿಂತ್ರು.

"ಅದುಕ್ಯಾಕೆ ಹಾಕ್ತೀಯ," ಅಂದ್ರು ಹನುಮಮ್ಮಜ್ಜಿ ಬೆಂಚ್ ಮೇಲಿಂದ. "ನಂಗಿನ್ನೂ ತಲೆ ಐತೆ ಕಣೇ, ಇತ್ತ ಕೊಡು."

ಗಂಡ ಹೋದಾಗಿಂದ ಹೂ ಮುಡೀದೇ ಇದ್ದೋರು ಒಂದು ತುಂಡು ಹಾರ ಕಿತ್ಕೊಂಡು ಬೆಳ್ಳಗಿನ ತುರುಬಿಗೆ ಸಿಗಿಸ್ಕೊಂಡ್ರು. ನಟರಾಜಣ್ಣ ಕ್ಯಾಮ್ರ ಕಡೆ ಕೈ ಹಾಕ್ಲಿಲ್ಲ. ತಾಯಿ ಪಕ್ಕದಲ್ಲಿ ಬೆಂಚ್ ಮೇಲೆ ಹಂಗೇ ಒರಗಿ ನಿದ್ದೆ ಹೋಗ್ಬಿಟ್ರು, ಪೂಜೆ ಮಂಗಳಾರತಿಗೂ ಏಳ್ಲಿಲ್ಲ. ಮಂಜುಳಕ್ಕನೂ ಏಳಿಸ್ಲಿಲ್ಲ.

ಈಗ್ಲೂ ಸುಸ್ತೇ ಅವರಿಗೆ. ಕಂಪ್ಯೂಟರ್ ಒಂದು ತಂದು ಮೂಲೇಲಿಟ್ಟವ್ರೆ, ಅದ್ರ ಮೇಲೆ ಬಟ್ಟೆ ಮುಚ್ಚಿದೆ. ಓಟಿನ ಕಾರ್ಡ್ ಹಿಡ್ಕೊಂಡು ಬರೋರು ಬರ್ತಾನೇ ಇದ್ದಾರೆ. ಹೆಸ್ರೂ ಹೋಗಿಲ್ಲ, ಹಾರದ ನಟರಾಜನೇ. ಅದಕ್ಕೇ ಕಣ್ರೀ ಕೇಳ್ಕೊಳೋದು, ಅರಸೀಕೆರೇಲಿ ಟ್ರೈನ್ ಲೇಟು, ಬಸ್ ಲೇಟು ಅಂತ ಯಾವಾಗಾದ್ರೂ ಸುಮ್ಮನೆ ನಿಂತಿದ್ರೆ ಆ ಮೆಟ್ಲು ಹತ್ತಿ ಹೋಗ್ಬನ್ನಿ. ಸಾವು ಗೀವು ಆದ್ಮೇಲಲ್ಲ, ಚೆನ್ನಾಗಿರೋವಾಗ್ಲೇ ಹೋಗಿ. ಮನೆಯೋರನ್ನೂ ಕರ್ಕೊಂಡು ಹೋಗಿ ಒಂದು ಫೋಟೋ ತೆಗೆಸ್ಕೊಳ್ಳಿ. ಮಧ್ಯಾಹ್ನದ ಮೇಲೆ ಹೋದ್ರೆ ಬೆಂಚ್ ಮೇಲೆ ಅಜ್ಜಿ ಇರ್ತಾರೆ. ಮೊದ್ಲು ಅವರನ್ನ ಮಾತಾಡ್ಸಿ. ಒಳಗೆ ಹೋಗಿ ಕೂತ್ಮೇಲೆ ನಗು ಬರ್ಲಿಲ್ಲ ಅಂತ ಗಾಬ್ರಿ ಆಗ್ಬೇಡಿ, ಪರದೆ ಆಚೆಯಿಂದ ಅಜ್ಜಿ ಏನಾದ್ರೂ ಅಂದೇ ಅಂತಾರೆ.